ಪ್ರಸಂಗ ಅಭ್ಯಾಸದ ವರ್ಗಗಳು: ಸೇರುವ ಮೊದಲು ಎರಡನೇ ಸರದಿ ಉಂಟೋ ಕೇಳಿ

ಪ್ರಸಂಗ (ಕ್ರೈಸ್ತ ಸಭೆಯಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಭಾಗವೊಂದರ ಮೇಲೆ ಮಾಡುವ ಉಪದೇಶ) ಮಾಡುವುದನ್ನು ಕಲಿಸುತ್ತೇವೆ ಎನ್ನುವ ಸೇವೆಗಳು ಈಗ ನಾಲ್ಕೈದು ಬಗೆಯಲ್ಲಿ ಸಿಗುತ್ತವೆ. ದೇವಜ್ಞಾನ ಕಾಲೇಜಿನ ಅಭ್ಯಾಸ ವರ್ಗ, ಎರಡು ಮೂರು ದಿನದ ಶಿಬಿರ, ತಿಂಗಳಿಗೊಮ್ಮೆ ಸೇರುವ ಬೋಧಕರ ಗುಂಪು, ವಿಡಿಯೋ ಕರೆಯಲ್ಲಿ ಒಬ್ಬರಿಗೊಬ್ಬರು ನಡೆಯುವ ತರಬೇತಿ, ಕೊನೆಗೆ ಮಾತಿನ ವೇಗ ಎಣಿಸುವ ಮೊಬೈಲ್ ಆ್ಯಪ್. ಇವುಗಳ ಪ್ರಕಟಣೆಗಳಲ್ಲಿ ಕಲಿಸುವವರ ಪದವಿಗಳು, ಪಾಠಗಳ ಪಟ್ಟಿ, ಪ್ರಮಾಣಪತ್ರದ ಭರವಸೆ ಸಾಮಾನ್ಯ. ಕಲಿಯುವವರು ಒಟ್ಟು ಎಷ್ಟು ಸಲ ಎದ್ದು ನಿಂತು ಮಾತಾಡುತ್ತಾರೆ, ತಿದ್ದಿಸಿಕೊಂಡ ಪ್ರಸಂಗವನ್ನೇ ಮತ್ತೊಮ್ಮೆ ಮಾಡುವ ಅವಕಾಶ ಇದೆಯೇ ಎಂಬುದು ಮಾತ್ರ ಅಪರೂಪಕ್ಕೂ ಕಾಣುವುದಿಲ್ಲ. ಈ ವಿಮರ್ಶೆಯಲ್ಲಿ ಅಂಕ ಕೊಡುವುದು, ಕಳೆಯುವುದು ಎಲ್ಲ ಆ ಒಂದು ಪ್ರಶ್ನೆಯ ಮೇಲೆ.

ಮೊದಲು ಗಡಿಯಾರದ ಲೆಕ್ಕ. ಹದಿನೈದು ನಿಮಿಷದ ಪ್ರಸಂಗಕ್ಕೆ ಇಪ್ಪತ್ತು ನಿಮಿಷದ ಫೀಡ್‌ಬ್ಯಾಕ್ ಬೇಕು. ಅದಕ್ಕಿಂತ ಕಡಿಮೆಯಾದರೆ ‘ಚೆನ್ನಾಗಿತ್ತು, ಸ್ವಲ್ಪ ಜೋರಾಗಿ ಮಾತಾಡಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ತಲೆಗೆ 35 ನಿಮಿಷವಾದರೆ ಎಂಟು ಜನರ ಗುಂಪಿಗೆ 280 ನಿಮಿಷ, ಅಂದರೆ 4 ಗಂಟೆ 40 ನಿಮಿಷ. ಊಟ, ವಿರಾಮ ಸೇರಿದರೆ ಇಡೀ ಒಂದು ದಿನ. ಇಪ್ಪತ್ತು ಜನರನ್ನು ಸೇರಿಸಿಕೊಂಡು ‘ಒಂದು ದಿನದ ಪ್ರಾಯೋಗಿಕ ಶಿಬಿರ’ ಎಂದು ಕರೆಯುವವರಿಗೆ 700 ನಿಮಿಷ ಬೇಕು, 11 ಗಂಟೆ 40 ನಿಮಿಷ. ಅಷ್ಟು ಹೊತ್ತು ಯಾರೂ ಕೂರುವುದಿಲ್ಲವಾದ್ದರಿಂದ ಅಲ್ಲಿ ನಡೆಯುವುದು ಉಪನ್ಯಾಸ. ಕೊನೆಗೆ ಮೂವರು ಧೈರ್ಯವಂತರು ಎದ್ದು ಐದೈದು ನಿಮಿಷ ಮಾತಾಡಿರುತ್ತಾರೆ, ಉಳಿದ ಹದಿನೇಳು ಜನ ಟಿಪ್ಪಣಿ ಬರೆದುಕೊಂಡಿರುತ್ತಾರೆ. ಪ್ರಕಟಣೆ ಕೈಗೆ ಬಂದಾಗ ಜನರ ಸಂಖ್ಯೆಯನ್ನು 35ರಿಂದ ಗುಣಿಸಿ ನೋಡಿ. ಅರ್ಧದಷ್ಟು ಶಿಬಿರಗಳು ಅಲ್ಲೇ ಬಿದ್ದುಹೋಗುತ್ತವೆ.

ಸಮಯ ಸಾಲದಿದ್ದಾಗ ಅರ್ಧ ಗಂಟೆಯ ಪ್ರಸಂಗವನ್ನು ಎಂಟು ನಿಮಿಷಕ್ಕೆ ಒತ್ತಿ ಮಾಡಿಸುವ ರೂಢಿಯೂ ಇದೆ. ಇದರಿಂದ ಹಾನಿಯೇ ಹೆಚ್ಚು. ವೇಗ ತಪ್ಪುತ್ತದೆ, ಉಸಿರು ತೆಗೆದುಕೊಳ್ಳಬೇಕಾದ ಜಾಗ ತಪ್ಪುತ್ತದೆ, ಕೇಳುಗರಿಗೆ ಯೋಚಿಸಲು ಬಿಡಬೇಕಾದ ಮೌನ ಮಾಯವಾಗುತ್ತದೆ. ತಿಳಿದವರು ಪ್ರಸಂಗದ ಒಂದು ತುಂಡನ್ನು ಮಾತ್ರ, ನಿಜವಾದ ವೇಗದಲ್ಲಿ ಮಾಡಿಸುತ್ತಾರೆ: ಪೀಠಿಕೆ ಮತ್ತು ಮೊದಲ ಅಂಶ, ಇಲ್ಲವೇ ಎರಡನೇ ಅಂಶದಿಂದ ಅನ್ವಯಕ್ಕೆ (ವಚನವನ್ನು ಕೇಳುಗರ ಬಾಳಿಗೆ ಹೊಂದಿಸುವ ಭಾಗಕ್ಕೆ) ದಾಟುವ ಜಾಗ. ಆರು ನಿಮಿಷದ ಇಂಥ ತುಂಡಿನಲ್ಲಿ ಕಾಣುವ ದೋಷವೇ ಅರ್ಧ ಗಂಟೆಯಲ್ಲೂ ಇರುತ್ತದೆ.

ಒಳ್ಳೆಯ ವರ್ಗ ಪ್ರಸಂಗದ ದಿನಕ್ಕಿಂತ ಮೂರು ದಿನ ಮೊದಲೇ ಶುರುವಾಗುತ್ತದೆ. ಕಲಿಯುವವರು ಒಂದು ಹಾಳೆ ಬರೆದು ಕಳಿಸಬೇಕು: ಆರಿಸಿಕೊಂಡ ವಚನಭಾಗ (ಸತ್ಯವೇದದ ತುಣುಕು) ಎಲ್ಲಿ ಶುರು, ಎಲ್ಲಿ ಮುಗಿಯಿತು, ಅಲ್ಲೇ ಯಾಕೆ, ಆ ಭಾಗ ಯಾವುದರ ಬಗ್ಗೆ ಮಾತಾಡುತ್ತಿದೆ, ಅದರ ಬಗ್ಗೆ ಏನು ಹೇಳುತ್ತಿದೆ, ಕೇಳಿದವರು ಏನನ್ನು ನಂಬಬೇಕು ಅಥವಾ ಮಾಡಬೇಕು, ಅಂಶಗಳ ಸಾಲು. ಎಡವುವುದು ಸಾಮಾನ್ಯವಾಗಿ ‘ಯಾವುದರ ಬಗ್ಗೆ’, ‘ಅದರ ಬಗ್ಗೆ ಏನು’ ಎಂಬ ಎರಡರಲ್ಲಿ. ‘ಪ್ರಾರ್ಥನೆ’ ಎಂದು ಒಂದೇ ಪದ ಬರೆದಿರುತ್ತಾರೆ. ಅದು ಅಂಗಡಿಯ ಬೋರ್ಡು. ಒಳಗೆ ಏನು ಮಾರಾಟಕ್ಕಿದೆ ಎಂದು ಗೊತ್ತಾಗುವುದಿಲ್ಲ. ಲೂಕ 18:1–8ರ ಮೇಲೆ (ವಿಧವೆಯೊಬ್ಬಳು ಅನ್ಯಾಯಗಾರ ನ್ಯಾಯಾಧಿಪತಿಯನ್ನು ಬಿಡದೆ ಬೇಡಿ ನ್ಯಾಯ ಪಡೆದ ಸಾಮ್ಯ) ಬರೆಯುವುದಾದರೆ ‘ಉತ್ತರ ತಡವಾದಾಗಲೂ ಬೇಸರಗೊಳ್ಳದೆ ಬೇಡುತ್ತಿರಬೇಕು, ಯಾಕೆಂದರೆ ದೇವರು ಆ ಅನ್ಯಾಯಗಾರ ನ್ಯಾಯಾಧಿಪತಿಯಂಥವನಲ್ಲ’ ಎಂಬಷ್ಟಾದರೂ ಆಗಬೇಕು. ಈ ಒಂದು ವಾಕ್ಯ ಗಟ್ಟಿಯಾಗದೆ ಪೀಠ ಹತ್ತಿದವರಿಗೆ ಮುಗಿಸುವ ಜಾಗ ಸಿಗುವುದಿಲ್ಲ. ‘ಕೊನೆಯದಾಗಿ’ ಎಂದು ಮೂರು ಸಲ ಹೇಳುವ ಪ್ರಸಂಗಗಳ ಹಾಳೆ ತೆಗೆದು ನೋಡಿದರೆ ಅಲ್ಲಿ ಒಂದೇ ಪದ ಇರುತ್ತದೆ. ಹಾಳೆಯನ್ನು ಪಡೆದುಕೊಂಡು ಓದದೆ ಕಡತಕ್ಕೆ ಸೇರಿಸುವ ವರ್ಗಗಳೂ ಇವೆ. ಹಾಳೆ ಹಿಂದಿರುಗಿ ಬರುವಾಗ ಅದರ ಮೇಲೆ ಪೆನ್ನಿನ ಗುರುತು ಇರಬೇಕು, ಅದೂ ಪ್ರಸಂಗದ ಹಿಂದಿನ ದಿನದ ಒಳಗೆ.

ಫೀಡ್‌ಬ್ಯಾಕಿನ ಇಪ್ಪತ್ತು ನಿಮಿಷ

ಸೇವೆಯ ಗುಣ ಇಲ್ಲೇ ತೀರ್ಮಾನವಾಗುತ್ತದೆ. ಪ್ರಸಂಗ ಮುಗಿದ ಕೂಡಲೇ ಯಾರೂ ಮಾತಾಡಬಾರದು. ಎರಡು ನಿಮಿಷ ಎಲ್ಲರೂ ಬರೆಯಬೇಕು, ಅದೂ ಒಂದೇ ಸಂಗತಿ: ‘ನನಗೆ ಕೇಳಿಸಿದ ಪ್ರಸಂಗ ಇಷ್ಟು’ ಎಂದು ಒಂದು ವಾಕ್ಯ. ಮೊದಲು ಬರೆಸದೆ ಮಾತಿಗೆ ಬಿಟ್ಟರೆ ಗುಂಪಿನ ಹಿರಿಯರು ಏನು ಹೇಳಿದರೋ ಉಳಿದವರಿಗೂ ಅದೇ ಕೇಳಿಸಿರುತ್ತದೆ. ಆಮೇಲೆ ಆ ವಾಕ್ಯಗಳನ್ನು ಒಂದೊಂದಾಗಿ ಓದಬೇಕು, ಕೊನೆಗೆ ಪ್ರಸಂಗ ಮಾಡಿದವರು ತಮ್ಮ ಹಾಳೆಯ ವಾಕ್ಯವನ್ನು ಓದಬೇಕು. ಎಂಟರಲ್ಲಿ ಐದು ವಾಕ್ಯ ಹೊಂದಿದರೆ ಪ್ರಸಂಗ ತಲುಪಿದೆ. ಎಂಟು ಜನ ಎಂಟು ಬಗೆ ಬರೆದಿದ್ದರೆ ಧ್ವನಿ, ಕೈಸನ್ನೆ ಯಾವುದನ್ನೂ ಚರ್ಚಿಸುವ ಅಗತ್ಯವಿಲ್ಲ; ಹಾಳೆಗೇ ಹಿಂದಿರುಗಬೇಕು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಒಂದು ವಚನಭಾಗದಲ್ಲೇ ನೋಡಬಹುದು. ಮಾರ್ಕ 4:35–41, ಯೇಸು ಬಿರುಗಾಳಿಯನ್ನು ಶಾಂತಮಾಡಿದ ಭಾಗ. ಅಭ್ಯಾಸ ವರ್ಗಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಒಂದೇ ದಾರಿ ಹಿಡಿಯುತ್ತದೆ: ನಿಮ್ಮ ಬಾಳಿನಲ್ಲೂ ಬಿರುಗಾಳಿ ಇದೆ, ಸಾಲದ ಬಿರುಗಾಳಿ, ಕಾಯಿಲೆಯ ಬಿರುಗಾಳಿ, ಯೇಸು ನಿಮ್ಮ ದೋಣಿಯಲ್ಲಿದ್ದರೆ ಎಲ್ಲ ಶಾಂತ. ಕೇಳುಗರು ತಲೆಯಾಡಿಸುತ್ತಾರೆ. ಇಂಥ ಪ್ರಸಂಗಕ್ಕೆ ಸಿಗುವ ಕೆಟ್ಟ ಫೀಡ್‌ಬ್ಯಾಕ್ ‘ತುಂಬಾ ಆಶೀರ್ವಾದಕರವಾಗಿತ್ತು’. ಅದಕ್ಕಿಂತ ಸ್ವಲ್ಪ ಮೇಲಿನದು ‘ವಚನವನ್ನು ಇನ್ನಷ್ಟು ವಿವರಿಸಬಹುದಿತ್ತು’. ಎರಡರಿಂದಲೂ ಮುಂದಿನ ಸಲಕ್ಕೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಉಪಯೋಗಕ್ಕೆ ಬರುವ ಫೀಡ್‌ಬ್ಯಾಕ್ ಬೆರಳಿಟ್ಟು ತೋರಿಸುತ್ತದೆ. ‘41ನೇ ವಚನ ನಿಮ್ಮ ಪ್ರಸಂಗದಲ್ಲಿ ಬರಲೇ ಇಲ್ಲ. ಗಾಳಿ ನಿಂತ ಮೇಲೆ ಶಿಷ್ಯರು ನೆಮ್ಮದಿಯಾಗಿಲ್ಲ, ಬಹಳವಾಗಿ ಹೆದರಿದ್ದಾರೆ, ಈತನು ಯಾರಿರಬಹುದು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ. ಮಾರ್ಕನು ಕಥೆಯನ್ನು ಆ ಪ್ರಶ್ನೆಯಲ್ಲಿ ನಿಲ್ಲಿಸಿದ್ದಾನೆ, ನೀವು ಸಮಾಧಾನದಲ್ಲಿ ನಿಲ್ಲಿಸಿದ್ದೀರಿ.’ ಇನ್ನೊಬ್ಬರು ಹೇಳಬಹುದು: ‘ಆರನೇ ನಿಮಿಷದಲ್ಲಿ ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದನ್ನು ಹೇಳಿದಿರಿ, ಎಲ್ಲರೂ ತಲೆ ಎತ್ತಿದರು. ಅದಾದ ಮೇಲೆ ಆಸ್ಪತ್ರೆಯ ಉದಾಹರಣೆಗೆ ಹೋಗಿ ನಾಲ್ಕು ನಿಮಿಷ ಅಲ್ಲೇ ಉಳಿದಿರಿ. ದೋಣಿಗೆ ಮತ್ತೆ ಬರಲಿಲ್ಲ.’ ವಚನದ ಸಂಖ್ಯೆ, ನಿಮಿಷದ ಗುರುತು, ಆಡಿದ ಮಾತಿನ ತುಣುಕು. ಈ ಮೂರರಲ್ಲಿ ಒಂದಾದರೂ ಇಲ್ಲದ ಅಭಿಪ್ರಾಯವನ್ನು ನಡೆಸಿಕೊಡುವವರು ಅಲ್ಲೇ ತಡೆದು ‘ಎಲ್ಲಿ?’ ಎಂದು ಕೇಳಬೇಕು. ಹೊಗಳಿಕೆಗೂ ಅದೇ ನಿಯಮ. ‘ಪೀಠಿಕೆ ಚೆನ್ನಾಗಿತ್ತು’ ಎನ್ನುವವರನ್ನು ಯಾವ ಮಾತು ಎಂದು ಕೇಳಿದರೆ ಮೂರರಲ್ಲಿ ಇಬ್ಬರಿಗೆ ನೆನಪಿರುವುದಿಲ್ಲ, ಆಗ ಪೀಠಿಕೆ ಅಷ್ಟೇನೂ ಚೆನ್ನಾಗಿರಲಿಲ್ಲ ಎಂದು ಗೊತ್ತಾಗುತ್ತದೆ.

ಕ್ರಮವೂ ಮುಖ್ಯ. ಮೊದಲು ಕೇಳಿಸಿದ್ದು, ಆಮೇಲೆ ವಚನಕ್ಕೆ ನಿಷ್ಠೆ, ಆಮೇಲೆ ಜೋಡಣೆ, ಅನ್ವಯ, ಕೊನೆಗೆ ಧ್ವನಿ ಮತ್ತು ದೇಹ. ಬಹಳ ವರ್ಗಗಳು ಇದನ್ನು ತಲೆಕೆಳಗು ಮಾಡುತ್ತವೆ, ಯಾಕೆಂದರೆ ‘ಕೈ ಜೇಬಿನಲ್ಲಿತ್ತು’ ಎನ್ನಲು ಸತ್ಯವೇದ ತೆರೆಯಬೇಕಾಗಿಲ್ಲ. ಹದಿನೈದು ನಿಮಿಷ ಜೇಬಿನ ಬಗ್ಗೆ ಚರ್ಚೆ ನಡೆದು, ವಚನವನ್ನೇ ತಪ್ಪಾಗಿ ಓದಿದ್ದನ್ನು ಯಾರೂ ಎತ್ತದೆ ಹೋದ ಫೀಡ್‌ಬ್ಯಾಕ್ ಕೊಡದೆ ಇದ್ದಿದ್ದರೇ ಲೇಸಾಗಿತ್ತು.

ಈ ಹೊತ್ತಿನಲ್ಲಿ ಪ್ರಸಂಗ ಮಾಡಿದವರು ಉತ್ತರ ಕೊಡುವಂತಿಲ್ಲ. ಪೆನ್ನು ಹಿಡಿದು ಬರೆದುಕೊಳ್ಳಬೇಕು ಅಷ್ಟೆ. ‘ನಾನು ಹೇಳಬೇಕೆಂದಿದ್ದೆ, ಸಮಯ ಸಾಲಲಿಲ್ಲ’ ಎಂದು ಸಮರ್ಥನೆ ಶುರುವಾದರೆ ಇಪ್ಪತ್ತರಲ್ಲಿ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ಕೊನೆಯ ಎರಡು ನಿಮಿಷದಲ್ಲಿ ಅವರು ಬರೆದುಕೊಂಡದ್ದನ್ನು ತಮ್ಮ ಮಾತಿನಲ್ಲಿ ಹಿಂದಿರುಗಿಸಿ ಹೇಳಬೇಕು. ಇಲ್ಲಿ ಬಯಲಾಗುವ ತಪ್ಪು ತಿಳಿವಳಿಕೆ ಒಂದೆರಡಲ್ಲ: ‘ಉದಾಹರಣೆ ಉದ್ದವಾಯಿತು’ ಎಂದದ್ದು ‘ಉದಾಹರಣೆಯೇ ಬೇಡ’ ಎಂದು ಕೇಳಿಸಿರುತ್ತದೆ. ತಿದ್ದಬೇಕಾದ್ದು ಎರಡೇ ಇರಬೇಕು, ಒಂದು ವಚನಕ್ಕೆ ಸಂಬಂಧಿಸಿದ್ದು, ಒಂದು ಹೇಳುವ ಬಗೆಗೆ ಸಂಬಂಧಿಸಿದ್ದು. ಹನ್ನೆರಡು ತಿದ್ದುಪಡಿ ಹೊತ್ತುಕೊಂಡು ಹೋದವರು ಮುಂದಿನ ಸಲ ಹನ್ನೆರಡನ್ನೂ ನೆನಪಿಸಿಕೊಳ್ಳುತ್ತಾ ನಿಂತು ಮೊದಲಿಗಿಂತ ಕೆಟ್ಟದಾಗಿ ಮಾತಾಡುತ್ತಾರೆ.

ಅಂಕದ ಪಟ್ಟಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಪ್ಪತ್ತು ಸಾಲು, ಒಂದರಿಂದ ಐದರವರೆಗೆ ಗುಂಡು ಸುತ್ತುವ ನಮೂನೆ. ಎಂಟು ಜನ ತುಂಬಿದರೆ 160 ಅಂಕೆಗಳು, ಸರಾಸರಿ ನಾಲ್ಕರ ಆಚೀಚೆ. ಮುಂದಿನ ಭಾನುವಾರ ಏನನ್ನು ಬದಲಿಸಬೇಕೆಂದು ಆ ಸರಾಸರಿ ಹೇಳುವುದಿಲ್ಲ. ನಾಲ್ಕು ಪ್ರಶ್ನೆಯ ಅರ್ಧ ಹಾಳೆ ಸಾಕು: ಏನು ಕೇಳಿಸಿತು, ವಚನದಲ್ಲಿ ಇದ್ದು ಪ್ರಸಂಗದಲ್ಲಿ ಬಾರದ್ದು ಏನು, ಎಲ್ಲಿ ಗಮನ ತಪ್ಪಿತು, ಎಲ್ಲಿ ಗಮನ ಹಿಂದಿರುಗಿತು.

ಫೋನು, ಧ್ವನಿ ಮತ್ತು ವಾಕ್ಯದ ಬಾಲ

ಪ್ರತಿ ಪ್ರಸಂಗವನ್ನೂ ಚಿತ್ರೀಕರಿಸಿ ಅದೇ ದಿನ ಕಲಿಯುವವರ ಕೈಗೆ ಕೊಡದ ವರ್ಗಕ್ಕೆ ಈಗ ನೆಪವಿಲ್ಲ. ಒಂದು ಫೋನು, ಒಂದು ಸ್ಟ್ಯಾಂಡು ಸಾಕು. ಆದರೆ ನೋಡುವ ಕ್ರಮವನ್ನು ಹೇಳಿಕೊಡುವವರು ಕಡಿಮೆ. ಮೊದಲ ಸಲ ಪರದೆ ಮುಚ್ಚಿ ಬರೀ ಕೇಳಬೇಕು. ಎರಡನೇ ಸಲ ಧ್ವನಿ ನಿಲ್ಲಿಸಿ ಬರೀ ನೋಡಬೇಕು. ಮೂರನೇ ಸಲ ಕೈಯಲ್ಲಿ ಟಿಪ್ಪಣಿ ಹಿಡಿದು ಎರಡನ್ನೂ ಕೂಡಿಸಬೇಕು. ಧ್ವನಿಯಿಲ್ಲದೆ ನೋಡುವಾಗ ಕಣ್ಣು ಟಿಪ್ಪಣಿಗೆ ಇಳಿಯುವ ಕ್ಷಣಗಳನ್ನು ಗುರುತು ಹಾಕಿಕೊಂಡರೆ, ಅವು ಹೆಚ್ಚಾಗಿ ಒಂದು ಅಂಶದಿಂದ ಇನ್ನೊಂದಕ್ಕೆ ದಾಟುವ ಜಾಗಗಳೇ ಆಗಿರುತ್ತವೆ. ಅಂಶಗಳನ್ನು ಬಾಯಿಪಾಠ ಮಾಡಿ, ಅವನ್ನು ಜೋಡಿಸುವ ವಾಕ್ಯವನ್ನು ಬಿಟ್ಟಿರುತ್ತಾರೆ. ಪೀಠಿಕೆಯ ಮೊದಲ ಎರಡು ವಾಕ್ಯ, ಪ್ರತಿ ದಾಟು ವಾಕ್ಯ, ಕೊನೆಯ ವಾಕ್ಯ, ಇಷ್ಟನ್ನು ಅಕ್ಷರಶಃ ಬರೆದು ಕಲಿತರೆ ಉಳಿದದ್ದಕ್ಕೆ ಸೂಚನಾ ಪದಗಳು ಸಾಕು.

ಫೋನಿನ ಒಂದು ಮೋಸ ತಿಳಿದಿರಲಿ. ಅದು ಸಣ್ಣ ಧ್ವನಿಯನ್ನು ತಾನೇ ಏರಿಸಿ ದಾಖಲಿಸುತ್ತದೆ, ಆದ್ದರಿಂದ ರೆಕಾರ್ಡಿಂಗಿನಲ್ಲಿ ಎಲ್ಲರೂ ಸಾಕಷ್ಟು ಜೋರಾಗಿಯೇ ಕೇಳಿಸುತ್ತಾರೆ. ಧ್ವನಿ ಹಿಂದಿನ ಸಾಲಿಗೆ ಮುಟ್ಟಿತೇ ಎಂದು ತಿಳಿಯಬೇಕಾದರೆ ಅಲ್ಲಿ ಒಬ್ಬರನ್ನು ಕೂರಿಸಲೇಬೇಕು. ಅವರ ಕೆಲಸ ಒಂದೇ: ಕೇಳಿಸದ ಪದವನ್ನು ಬರೆದುಕೊಳ್ಳುವುದು.

ಹಾಗೆ ಬರೆದ ಪಟ್ಟಿ ಕನ್ನಡದಲ್ಲಿ ಒಂದು ವಿಶೇಷ ದೋಷವನ್ನು ಹಿಡಿದುಕೊಡುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ‘ಇಲ್ಲ’ ಎಂಬುದು ಅದರ ಬಾಲದಲ್ಲಿ. ಉಸಿರು ಮುಗಿಯುವುದೂ ಅಲ್ಲೇ. ‘ದೇವರು ನಮ್ಮ ಒಳ್ಳೆಯ ಕೆಲಸಗಳನ್ನು ನೋಡಿ ನಮ್ಮನ್ನು ಪ್ರೀತಿಸುವುದಿಲ್ಲ’ ಎಂಬ ವಾಕ್ಯದ ಬಾಲ ನುಂಗಿಹೋದರೆ ಹಿಂದಿನ ಸಾಲಿನವರಿಗೆ ಕೇಳಿಸಿದ್ದು ಅದರ ತದ್ವಿರುದ್ಧ. ಕೃಪೆಯ ಪ್ರಸಂಗ ಕ್ರಿಯೆಗಳ ಪ್ರಸಂಗವಾಗಿ ಮನೆಗೆ ಹೋಗುತ್ತದೆ. ಇದಕ್ಕೆ ‘ಜೋರಾಗಿ ಮಾತಾಡಿ’ ಎಂಬುದು ಮದ್ದಲ್ಲ. ಜೋರಾಗಿ ಶುರುಮಾಡಿದವರ ಬಾಲವೂ ಸೋರುತ್ತದೆ. ವಾಕ್ಯವನ್ನು ಎರಡಾಗಿ ಒಡೆಯಬೇಕು: ‘ದೇವರು ನಮ್ಮನ್ನು ಪ್ರೀತಿಸುತ್ತಾನೆ. ಒಳ್ಳೆಯ ಕೆಲಸ ನೋಡಿ ಪ್ರೀತಿಸಿದ್ದೇ? ಅಲ್ಲ.’ ‘ಅಲ್ಲ’ ಒಂಟಿಯಾಗಿ ನಿಂತಾಗ ಅದನ್ನು ನುಂಗಲು ಆಗುವುದಿಲ್ಲ. ಕನ್ನಡದಲ್ಲಿ ಪ್ರಸಂಗ ಕಲಿಸುತ್ತೇವೆಂದು ಹೇಳಿಕೊಂಡು ಇಂಗ್ಲಿಷ್ ಪುಸ್ತಕದ ಧ್ವನಿಪಾಠವನ್ನೇ ಒಪ್ಪಿಸುವವರಿಗೆ ಇದು ಹೊಳೆಯುವುದೇ ಇಲ್ಲ.

ಇನ್ನೊಂದು ಎಣಿಕೆಯ ವಿಷಯ. ‘ಪ್ರಿಯರೇ’, ‘ಏನಪ್ಪಾ ಅಂದ್ರೆ’, ‘ಅಲ್ವಾ’, ‘ಸ್ತೋತ್ರ’, ‘ಆಮೆನ್ ಹೇಳಿ’ ಇವು ಎಷ್ಟು ಸಲ ಬಂದವು ಎಂದು ಒಬ್ಬರು ಗೆರೆ ಎಳೆಯುತ್ತಾ ಕೂರಬೇಕು. ಹದಿನೈದು ನಿಮಿಷಕ್ಕೆ ನಲವತ್ತು ಗೆರೆ ದಾಟಿದರೆ ಆಶ್ಚರ್ಯವಿಲ್ಲ. ‘ಸ್ತೋತ್ರ’ವನ್ನು ಎಣಿಸುವುದು ಅಗೌರವ ಎಂದು ಮುನಿಸಿಕೊಳ್ಳುವವರಿದ್ದಾರೆ, ಮುಂದಿನ ವಾಕ್ಯ ಹುಡುಕಲು ಆ ಪದವನ್ನು ಬಳಸುವುದು ಅದಕ್ಕಿಂತ ದೊಡ್ಡ ಅಗೌರವವಲ್ಲವೇ? ನಿಲ್ಲಿಸುವ ಉಪಾಯ ಸುಲಭ: ಆ ಜಾಗದಲ್ಲಿ ಬಾಯಿ ಮುಚ್ಚಿ ಒಂದು ಉಸಿರು ಎಳೆದುಕೊಳ್ಳುವುದು. ಕೇಳುಗರಿಗೆ ಅದು ಗಾಂಭೀರ್ಯವಾಗಿ ಕಾಣುತ್ತದೆ.

ಎರಡನೇ ಸರದಿ

ಒಳ್ಳೆಯ ಫೀಡ್‌ಬ್ಯಾಕ್ ಸಿಕ್ಕಿತು. ಮುಂದೇನು? ಹೆಚ್ಚಿನ ವರ್ಗಗಳಲ್ಲಿ ಮುಂದಿನ ಸರದಿ ಬರುವಷ್ಟರಲ್ಲಿ ವಚನಭಾಗವೇ ಬೇರೆ, ಸಮಸ್ಯೆಗಳೂ ಬೇರೆ. ಮಾರ್ಕ 4ರಲ್ಲಿ ಕೊನೆಯ ಪ್ರಶ್ನೆಯನ್ನು ಬಿಟ್ಟವರು ಈಗ ಕೀರ್ತನೆ 23ರ ಮುಂದೆ ನಿಂತಿರುತ್ತಾರೆ. ತಿದ್ದುಪಡಿ ಕಿವಿಗೆ ಬಿದ್ದಿದೆ, ಬಾಯಿಗೆ ಬಂದಿಲ್ಲ. ಅದು ಬಾಯಿಗೆ ಬರುವುದು ಅದೇ ಪ್ರಸಂಗವನ್ನು ಮತ್ತೆ ಮಾಡಿದಾಗ. ಎರಡನ್ನೂ ಕೇಳಿದವರು ಇಬ್ಬರಾದರೂ ಇರಬೇಕು, ಇಲ್ಲದಿದ್ದರೆ ಬದಲಾವಣೆ ಆಯಿತೇ ಎಂದು ಹೇಳುವವರಿಲ್ಲ.

ಇಲ್ಲೂ ಜಾರುವ ಜಾಗಗಳಿವೆ. ಒಂದು, ಪ್ರಸಂಗ ಉಬ್ಬುತ್ತದೆ. ಬಿಟ್ಟುಹೋದದ್ದನ್ನು ಸೇರಿಸುತ್ತಾರೆ, ಇದ್ದದ್ದನ್ನು ತೆಗೆಯುವುದಿಲ್ಲ. ಹದಿನೈದು ನಿಮಿಷದ್ದು ಇಪ್ಪತ್ತೆರಡಕ್ಕೆ ಹೋಗುತ್ತದೆ. ಒಂದು ಸಾಲು ಸೇರಿಸಿದರೆ ಎರಡು ಸಾಲು ಹೊಡೆದುಹಾಕಬೇಕೆಂಬ ನಿಯಮ ಇಟ್ಟುಕೊಂಡವರು ಮಾತ್ರ ಗಡಿಯಾರದೊಳಗೆ ಉಳಿಯುತ್ತಾರೆ. (ಸತ್ಯವೇದದಲ್ಲಿ ಅಪೊಸ್ತಲ ಪೌಲನು ಮಧ್ಯರಾತ್ರಿಯವರೆಗೆ ಮಾತು ಬೆಳೆಸಿದಾಗ ಯೂತಿಕನೆಂಬ ಯುವಕ ಕಿಟಕಿಯಲ್ಲೇ ನಿದ್ದೆಹೋಗಿ ಮೂರನೇ ಅಂತಸ್ತಿನಿಂದ ಬಿದ್ದ. ಎಬ್ಬಿಸಲು ಅಲ್ಲಿ ಪೌಲನಿದ್ದ.) ಎರಡು, ಎಲ್ಲವನ್ನೂ ಹೊಸದಾಗಿ ಬರೆದುಕೊಂಡು ಬರುತ್ತಾರೆ. ಆಗ ಅದು ಮತ್ತೊಂದು ಮೊದಲನೇ ಪ್ರಸಂಗ. ಬದಲಾಗಬೇಕಾದ್ದು ಗುರುತು ಹಾಕಿದ ಎರಡೇ ಸಂಗತಿ. ಮಾರ್ಕ 4ರವರು ಆಸ್ಪತ್ರೆಯ ಉದಾಹರಣೆಯನ್ನು ಒಂದು ನಿಮಿಷಕ್ಕೆ ಇಳಿಸಿ, ಉಳಿದ ಮೂರು ನಿಮಿಷವನ್ನು 41ನೇ ವಚನಕ್ಕೆ ಕೊಟ್ಟು, ಪ್ರಸಂಗವನ್ನು ಶಿಷ್ಯರ ಪ್ರಶ್ನೆಯ ಮೇಲೆ ಮುಗಿಸಬೇಕು. ಉಳಿದದ್ದು ಹಾಗೇ ಇರಲಿ, ಅದರಲ್ಲಿ ಇನ್ನೂ ನಾಲ್ಕು ತಪ್ಪಿದ್ದರೂ.

‘ಸಮಯವಿಲ್ಲ, ಕೇಳಿದ್ದನ್ನೇ ಕೇಳಿ ಬೇಸರ’ ಎಂಬುದು ಸಂಘಟಕರ ಉತ್ತರ. ಬೇಸರ ನಿಜ. ಸಮಯದ ಮಾತನ್ನು ಒಪ್ಪುವ ಹಾಗಿಲ್ಲ. ಎರಡನೇ ಸರದಿಗೆ ಇಡೀ ಪ್ರಸಂಗ ಬೇಕಾಗಿಲ್ಲ. ತಿದ್ದಿದ ಐದು ನಿಮಿಷದ ತುಂಡು, ಐದು ನಿಮಿಷದ ಮಾತು. ಎಂಟು ಜನರಿಗೆ 80 ನಿಮಿಷ. ಬೆಳಗಿನ ಒಂದು ಉಪನ್ಯಾಸ ಕೈಬಿಟ್ಟರೆ ಅಷ್ಟು ಹೊತ್ತು ಸಿಗುತ್ತದೆ.

ಯಾವ ಬಗೆ ಯಾರಿಗೆ

ಕಾಲೇಜಿನ ವರ್ಗದ ಬಲ ಇರುವುದು ವಚನದ ಕೆಲಸದಲ್ಲಿ. ಮೂಲಭಾಷೆ ಬಲ್ಲವರು, ವ್ಯಾಖ್ಯಾನ ಗ್ರಂಥಗಳು ಕೈಗೆಟುಕುವಲ್ಲಿ ಇರುತ್ತವೆ, ಹಾಳೆಯನ್ನು ಗಂಭೀರವಾಗಿ ತಿದ್ದುತ್ತಾರೆ. ಬಲಹೀನತೆ ಅಂಕ. ಕೇಳುವವರೆಲ್ಲ ಸಹಪಾಠಿಗಳು, ನಾಳೆ ಅವರ ಸರದಿ. ಆದ್ದರಿಂದ ಒಬ್ಬರನ್ನೊಬ್ಬರು ನೋಯಿಸದ ಒಪ್ಪಂದ ಬಾಯಿಬಿಟ್ಟು ಹೇಳದೆಯೇ ಆಗಿರುತ್ತದೆ. ಮೇಲಾಗಿ ಇಪ್ಪತ್ತೆರಡರ ವಯಸ್ಸಿನ ದೇವಜ್ಞಾನ ವಿದ್ಯಾರ್ಥಿಗಳಿಗೆ ಮಾತ್ರ ಅರ್ಥವಾಗುವ ಪ್ರಸಂಗ ಅಲ್ಲಿ ‘ಆಳವಾದದ್ದು’ ಎನಿಸಿಕೊಳ್ಳುತ್ತದೆ. ಕೇಳುಗರಲ್ಲಿ ಒಬ್ಬ ಅಜ್ಜಿ, ಒಬ್ಬ ಹದಿಹರೆಯದ ಹುಡುಗ, ಸತ್ಯವೇದ ಓದದ ಒಬ್ಬರು ಕೂತರೆ ಈ ಭ್ರಮೆ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಬೋಧಕರಲ್ಲದ ಕೇಳುಗರನ್ನು ಕರೆಸದ ಯಾವ ಸೇವೆಗೂ ಪೂರ್ತಿ ಅಂಕ ಕೊಡುವಂತಿಲ್ಲ.

ಶಿಬಿರಗಳಿಂದ ಉತ್ಸಾಹ ಸಿಗುತ್ತದೆ, ಎರಡು ವಾರ ಇರುತ್ತದೆ. ಮೂರು ದಿನದ್ದಾಗಿ, ಗುಂಪಿಗೆ ಎಂಟೇ ಜನರಾಗಿ, ಎರಡನೇ ಸರದಿಯನ್ನು ಮೂರನೇ ದಿನಕ್ಕೆ ಇಟ್ಟಿದ್ದರೆ ಸೇರಬಹುದು. ಇಲ್ಲದಿದ್ದರೆ ಉಪನ್ಯಾಸವನ್ನು ಮನೆಯಲ್ಲೇ ಕೂತು ಕೇಳಬಹುದು.

ತಿಂಗಳಿಗೊಮ್ಮೆ ಸೇರುವ ಬೋಧಕರ ಗುಂಪು ನಮ್ಮ ಮೊದಲ ಆಯ್ಕೆ. ಶುಲ್ಕದ ಗೊಡವೆಯಿಲ್ಲ, ಜನ ಅವರೇ ಇರುತ್ತಾರೆ, ಎರಡನೇ ಸರದಿ ತಾನಾಗಿ ಹೊಂದುತ್ತದೆ. ಇದು ಹೊಸದೂ ಅಲ್ಲ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ಸಭಾಪಾಲಕರು ಒಟ್ಟುಗೂಡಿ, ಒಂದೇ ವಚನಭಾಗದ ಮೇಲೆ ಒಬ್ಬರಾದ ಮೇಲೊಬ್ಬರು ಪ್ರಸಂಗ ಮಾಡಿ, ಆಮೇಲೆ ತಮ್ಮತಮ್ಮಲ್ಲೇ ಕೂತು ಅದನ್ನು ಒರೆಹಚ್ಚುತ್ತಿದ್ದರು. ರಾಣಿ ಒಂದನೇ ಎಲಿಜಬೆತ್ ಆ ಕೂಟಗಳನ್ನು ನಿಲ್ಲಿಸಲು ಹೇಳಿದಾಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಗ್ರಿಂಡಲ್ 1576ರಲ್ಲಿ ಒಪ್ಪಲಿಲ್ಲ. 1577ರಲ್ಲಿ ರಾಣಿ ತಾನೇ ನಿಷೇಧಿಸಿ ಅವರ ಅಧಿಕಾರವನ್ನು ತಡೆಹಿಡಿದಳು. 1782ರಿಂದ 1836ರವರೆಗೆ ಕೇಂಬ್ರಿಡ್ಜ್‌ನ ಹೋಲಿ ಟ್ರಿನಿಟಿ ಸಭೆಯನ್ನು ನೋಡಿಕೊಂಡ ಚಾರ್ಲ್ಸ್ ಸಿಮಿಯನ್ ತಮ್ಮ ಕೋಣೆಗೆ ವಿದ್ಯಾರ್ಥಿಗಳನ್ನು ಕರೆದು, ಮೊದಲೇ ಕೊಟ್ಟ ವಚನದ ಮೇಲೆ ಅವರು ಬರೆದು ತಂದ ಚೌಕಟ್ಟುಗಳನ್ನು ತಿದ್ದುತ್ತಿದ್ದರು. ನಮ್ಮ ‘ಮೂರು ದಿನ ಮುಂಚಿನ ಹಾಳೆ’ ಅದರದೇ ಮೊಮ್ಮಗು.

ಗುಂಪುಗಳು ಕೆಡುವುದು ಎರಡು ಕಾರಣಕ್ಕೆ. ಒಬ್ಬರೇ ಯಾವಾಗಲೂ ನಡೆಸಿಕೊಡುತ್ತಾರೆ, ವರ್ಷ ಕಳೆಯುವಷ್ಟರಲ್ಲಿ ಎಲ್ಲರ ಪ್ರಸಂಗವೂ ಅವರ ಪ್ರಸಂಗದಂತೆ ಕೇಳಿಸತೊಡಗುತ್ತದೆ, ಅದೇ ಮೂರು ಅಂಶ, ಅದೇ ಕೈಬೀಸು. ಅಥವಾ ಸಲುಗೆ ಬೆಳೆದು ಫೀಡ್‌ಬ್ಯಾಕ್ ಬೆನ್ನು ತಟ್ಟುವುದಾಗಿ, ಚಹಾ ಮುಖ್ಯವಾಗುತ್ತದೆ. ನಡೆಸುವ ಸರದಿ ಪ್ರತಿ ತಿಂಗಳು ಬದಲಾಗಬೇಕು, ವರ್ಷಕ್ಕೆರಡು ಸಲ ಹೊರಗಿನವರೊಬ್ಬರು ಬರಬೇಕು.

ವಿಡಿಯೋ ಕರೆಯ ತರಬೇತಿ ಹಾಳೆ ತಿದ್ದಲು, ವಚನ ಚರ್ಚಿಸಲು ಚೆನ್ನಾಗಿದೆ. ಆದರೆ ಕ್ಯಾಮೆರಾ ಮುಂದೆ ಕೂತು ಒಬ್ಬರಿಗೆ ಪ್ರಸಂಗ ಮಾಡಿಸುವುದರಿಂದ ಕಲಿಯುವುದು ಕ್ಯಾಮೆರಾಕ್ಕೆ ಮಾತಾಡುವುದನ್ನು. ಸಭೆಯಲ್ಲಿ ಮಾಡಿದ ನಿಜವಾದ ಪ್ರಸಂಗದ ಚಿತ್ರೀಕರಣ ಕಳಿಸಿ, ನಿಮಿಷ ಸೆಕೆಂಡಿನ ಗುರುತಿನೊಂದಿಗೆ ಲಿಖಿತ ಫೀಡ್‌ಬ್ಯಾಕ್ ಪಡೆಯುವ ವ್ಯವಸ್ಥೆ ಇದ್ದರೆ ಮಾತ್ರ ಇದನ್ನು ಆರಿಸಿ.

ಆ್ಯಪ್‌ಗಳದು ಸಣ್ಣ ಉಪಯೋಗ. ಇಂಗ್ಲಿಷ್ ಮಾತಿಗೆ ಹೇಳುವ ನಿಮಿಷಕ್ಕೆ 130ರಿಂದ 150 ಪದಗಳ ಅಳತೆ ಕನ್ನಡಕ್ಕೆ ಹೊಂದುವುದಿಲ್ಲ. ‘ಹೋಗಲಾರದವನಿಗೆ’ ಎಂಬ ನಮ್ಮ ಒಂದು ಪದ ಇಂಗ್ಲಿಷಿನಲ್ಲಿ ಆರು ಪದವಾಗುತ್ತದೆ. ಆ ಅಂಕೆಯ ಹಿಂದೆ ಓಡಿದರೆ ರೈಲು ಬಿಟ್ಟಂತೆ ಮಾತಾಡಬೇಕಾದೀತು. ನಿಮ್ಮದೇ ಲೆಕ್ಕ ಮಾಡಿಕೊಳ್ಳಿ: ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿದ ಒಂದು ಪ್ರಸಂಗದ ಎರಡು ನಿಮಿಷವನ್ನು ಬರೆದಿಳಿಸಿ ಪದ ಎಣಿಸಿ, ಅರ್ಧ ಮಾಡಿ. ಅದೇ ನಿಮ್ಮ ನಿಮಿಷದ ಅಳತೆ.

ಕಥೋಲಿಕ ಪ್ರಬೋಧನೆ (ಬಲಿಪೂಜೆಯಲ್ಲಿ ಮಾಡುವ ಪ್ರಸಂಗ) ಕಲಿಯುವವರು ಕಾಲಾವಧಿಯನ್ನು ಬೇರೆಯಾಗಿ ನೋಡಬೇಕು. ಪೋಪ್ ಫ್ರಾನ್ಸಿಸ್ 2018ರಲ್ಲಿ ಪ್ರಬೋಧನೆ ಹತ್ತು ನಿಮಿಷ ಮೀರಬಾರದು ಎಂದರು, 2024ರಲ್ಲಿ ಅದನ್ನು ಎಂಟಕ್ಕೆ ಇಳಿಸಿದರು. ಮೂರು ಅಂಶದ ಅರ್ಧ ಗಂಟೆಯ ಪ್ರಸಂಗವನ್ನೇ ಮಾದರಿಯಾಗಿಟ್ಟ ವರ್ಗ ಅವರಿಗೆ ಹೊಂದುವುದಿಲ್ಲ. ಎಂಟು ನಿಮಿಷದಲ್ಲಿ ಒಂದೇ ಮಾತು, ಒಂದೇ ದೃಷ್ಟಾಂತ ಹಿಡಿಯುತ್ತದೆ, ಬಿಡಬೇಕಾದ್ದನ್ನು ಆರಿಸುವುದೇ ಅಲ್ಲಿ ದೊಡ್ಡ ಅಭ್ಯಾಸ.

ಯಾವ ವರ್ಗಕ್ಕೆ ಹೋದರೂ ಒಂದು ಆಕ್ಷೇಪ ಎದುರಾಗುತ್ತದೆ: ‘ಪವಿತ್ರಾತ್ಮನು ಕೊಟ್ಟ ಮಾತನ್ನು ಮನುಷ್ಯರು ತಿದ್ದುವುದೇ?’ ಅಪೊಸ್ತಲರ ಕೃತ್ಯಗಳು 18ರ ಅಪೊಲ್ಲೋಸನು ವಾಕ್ಚಾತುರ್ಯವುಳ್ಳವನು, ಶಾಸ್ತ್ರದಲ್ಲಿ ಪ್ರವೀಣ, ಆಸಕ್ತನಾಗಿ ಬೋಧಿಸುತ್ತಿದ್ದವನು. ಆದರೂ ಯೋಹಾನನ ದೀಕ್ಷಾಸ್ನಾನದಾಚೆಗೆ ತಿಳಿದಿರಲಿಲ್ಲ. ಅವನನ್ನು ತಿದ್ದಿದವರು ಡೇರೆ ಮಾಡುವ ಗಂಡ ಹೆಂಡತಿ, ಪ್ರಿಸ್ಕಿಲ್ಲ ಮತ್ತು ಅಕ್ವಿಲ. ಸಭಾಮಂದಿರದಲ್ಲೇ ಎದ್ದು ನಿಂತು ತಪ್ಪು ಹೇಳಲಿಲ್ಲ, ಬೇರೆಯಾಗಿ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ವಿವರಿಸಿದರು. ಕೇಳುಗರೆದುರೇ ಕಲಿಯುವವರನ್ನು ಹಣಿಯುವ, ‘ಕಟುವಾಗಿ ಹೇಳಿದರೇನೇ ಕಲಿಯುವುದು’ ಎನ್ನುವ ತರಬೇತುದಾರರೂ ಇದನ್ನು ಓದಿಕೊಳ್ಳಲಿ. ಅಂಥ ವರ್ಗದಿಂದ ಹೊರಬಂದವರು ಎಚ್ಚರಿಕೆಯ, ಯಾರಿಗೂ ಏನೂ ಹೇಳದ ಪ್ರಸಂಗ ಮಾಡುತ್ತಾರೆ.

ಸೇರುವ ಮೊದಲು ಒಂದು ದಿನ ಕೇಳುಗರಾಗಿ ಕೂರಲು ಅನುಮತಿ ಕೇಳಿ. ಕೊಡದಿದ್ದರೆ ಬೇರೆ ಕಡೆ ನೋಡಿ. ಕೊಟ್ಟರೆ ಹಿಂದಿನ ಸಾಲಿನಲ್ಲಿ ಕೂತು, ಒಬ್ಬರು ಪ್ರಸಂಗ ಮುಗಿಸಿ ಪೀಠ ಇಳಿದ ಕೂಡಲೇ ಏನಾಗುತ್ತದೆ ನೋಡಿ. ಎಲ್ಲರೂ ತಲೆ ಬಗ್ಗಿಸಿ ಬರೆಯತೊಡಗಿದರೆ ಅರ್ಜಿ ತುಂಬಿ. ಕಲಿಸುವವರೇ ಮೈಕು ಹಿಡಿದು ‘ಇದನ್ನು ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ’ ಎಂದು ಶುರುಮಾಡಿದರೆ, ವಿರಾಮದ ಹೊತ್ತಿಗೆ ಮೆಲ್ಲಗೆ ಎದ್ದು ಬರಬಹುದು.